ಬಿಯಾನ್ಸೆಯ 'ಕೌಬಾಯ್ ಕಾರ್ಟರ್' ಕಂಟ್ರಿನಾ, ಕಲಬೆರಕೆನಾ?

"ಕೈಗೆ ಸಿಕ್ಕಿದ್ದೆಲ್ಲಾ ಸೇರಿಸಿ ಕಲಸಿದ ಹಾಗಿದೆ, ಇದರಲ್ಲಿ ಹೊಸತೇನು? ಪಾಪ್ ತಾರೆಗೆ ಈ ಕೌಬಾಯ್ ಟೋಪಿ ಯಾಕೆ?" ಅಂತ ಬಿಯಾನ್ಸೆ ಅಮೆರಿಕದ ಹಳ್ಳಿಗಾಡಿನ 'ಕಂಟ್ರಿ' ಸಂಗೀತದ ಕಡೆ ಹೊರಳಿದ 2024ರ ಆಲ್ಬಮ್ 'ಕೌಬಾಯ್ ಕಾರ್ಟರ್' ಬಗ್ಗೆ ಕೇಳಿದ್ದೀರಿ. ಮೊದಲ ಸಲ ನನಗೂ ಹಾಗೇ ಅನ್ನಿಸಿತ್ತು. ತಪ್ಪು ನನ್ನದೇ. ಪಾತ್ರೆ ತೊಳೆಯುತ್ತಾ ಶಫಲ್‌ನಲ್ಲಿ ಹಾಕಿಕೊಂಡಿದ್ದೆ.

ಆಮೇಲೊಂದು ದಿನ ಮೊದಲಿಂದ ಸಾಲಾಗಿ ಕೇಳಿದೆ. ನಡುವೆ ಹಿರಿಯ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ರೇಡಿಯೋ ನಿರೂಪಕನಾಗಿ ಬರುವ ಒಂದು ಪುಟ್ಟ ತುಣುಕಿದೆ. ಒಂದು ನಿಮಿಷವೂ ಇಲ್ಲ. ಹಳೇ ರೇಡಿಯೋದ ಮುಳ್ಳು ತಿರುಗಿಸಿದಾಗ ಸ್ಟೇಷನ್‌ಗಳು ಕರಕರ ಅಂತ ಬಂದು ಹೋಗುತ್ತವಲ್ಲ, ಹಾಗೆ ಸಿಸ್ಟರ್ ರೊಸೆಟ್ಟಾ ಥಾರ್ಪ್, ಚಕ್ ಬೆರ್ರಿ ದನಿಗಳು ಹಾದು ಹೋಗುತ್ತವೆ. ಇಬ್ಬರೂ ರಾಕ್ ಸಂಗೀತಕ್ಕೆ ದಾರಿ ಹಾಕಿಕೊಟ್ಟ ಕಪ್ಪು ಕಲಾವಿದರು. ಅಲ್ಲಿಗೆ ಇಡೀ ಆಲ್ಬಮ್ ನನಗೆ ಬೇರೆಯಾಗಿ ಕೇಳಿಸತೊಡಗಿತು.

ಕಂಟ್ರಿ ಸಂಗೀತದ ಗುರುತಾಗಿರುವ ಬ್ಯಾಂಜೋ ಆಫ್ರಿಕಾದಿಂದ ತಂದ ಗುಲಾಮರ ಕೈಯಲ್ಲಿ ಹುಟ್ಟಿದ ವಾದ್ಯ. 1920ರ ದಶಕದಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಹಾಡಿಗೆ 'ರೇಸ್ ರೆಕಾರ್ಡ್ಸ್', ಬಿಳಿಯರ ಹಳ್ಳಿ ಹಾಡಿಗೆ 'ಹಿಲ್‌ಬಿಲಿ' ಅಂತ ಬೇರೆ ಬೇರೆ ಚೀಟಿ ಅಂಟಿಸಿದವು. ಒಂದೇ ಊರಿನಲ್ಲಿ, ಒಬ್ಬರಿಂದೊಬ್ಬರು ಕಲಿತು ನುಡಿಸುತ್ತಿದ್ದವರು ಮಾರಾಟಕ್ಕೋಸ್ಕರ ಎರಡು ಕಪಾಟು ಸೇರಿದರು. ಹಾಗಾಗಿ ಬಿಯಾನ್ಸೆ ಕಲಸಿದ್ದಕ್ಕಿಂತ, ಯಾರೋ ವಿಂಗಡಿಸಿ ಇಟ್ಟಿದ್ದನ್ನು ಮತ್ತೆ ಒಟ್ಟಿಗೆ ತಂದಿದ್ದೇ ಜಾಸ್ತಿ. ಈ ಆಲ್ಬಮ್‌ನ 'ಟೆಕ್ಸಾಸ್ ಹೋಲ್ಡೆಮ್' ಹಾಡಿನಲ್ಲಿ ಬ್ಯಾಂಜೋ ನುಡಿಸಿರುವ ಕಪ್ಪು ಕಲಾವಿದೆ ರಿಯಾನನ್ ಗಿಡೆನ್ಸ್ ಇದೇ ಇತಿಹಾಸವನ್ನು ವರ್ಷಗಳಿಂದ ಹೇಳಿಕೊಂಡು ಬಂದವರು. ಸುಮ್ನೆ ಕರೆಸಿದ್ದಲ್ಲ ಅಲ್ವಾ?

ಟೋಪಿ ವಿಷಯಕ್ಕೆ ಬಂದರೆ, ಬಿಯಾನ್ಸೆ ಹುಟ್ಟಿದ್ದೇ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಕೌಬಾಯ್‌ಗಳು ಕುದುರೆ, ಗೂಳಿ ಸವಾರಿಯಲ್ಲಿ ಸ್ಪರ್ಧಿಸುವ ರೋಡಿಯೋ ಅಲ್ಲಿಯ ಜಾತ್ರೆ. 2016ರಲ್ಲಿ ಸಿಎಂಎ (ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್) ಪ್ರಶಸ್ತಿ ಸಮಾರಂಭದಲ್ಲಿ ತಮ್ಮ 'ಡ್ಯಾಡಿ ಲೆಸನ್ಸ್' ಹಾಡಿದಾಗ "ಇವಳಿಗೆ ಇಲ್ಲೇನು ಕೆಲಸ" ಅನ್ನುವ ಧಾಟಿಯಲ್ಲಿ ಕೂಗಾಡಿದವರು ಕಡಿಮೆ ಇರಲಿಲ್ಲ. ತನ್ನನ್ನು ಸ್ವಾಗತಿಸಲಿಲ್ಲ ಅನ್ನಿಸಿದ ಹಳೆಯ ಅನುಭವವೊಂದರಿಂದ ಈ ಆಲ್ಬಮ್ ಹುಟ್ಟಿತು ಅಂತ 2024ರಲ್ಲಿ ಆಕೆಯೇ ಬರೆದರು. ಯಾವ ಅನುಭವ ಅಂತ ಹೆಸರಿಸಲಿಲ್ಲ. ಓದಿದವರಿಗೆಲ್ಲ ನೆನಪಾಗಿದ್ದು ಮಾತ್ರ ಆ ರಾತ್ರಿಯೇ.

ಎಲ್ಲಾ ಹಾಡೂ ಗೆದ್ದಿಲ್ಲ. 27 ಟ್ರ್ಯಾಕ್ ನನ್ನ ಪ್ರಕಾರ ಜಾಸ್ತಿ ಆಯಿತು. 'ಜೋಲೀನ್' ನನಗೆ ಹಿಡಿಸಲೇ ಇಲ್ಲ. ಅದರ ಮೂಲ ಹಾಡಿನಲ್ಲಿ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಜೋಲೀನ್ ಅನ್ನುವ ಹೆಣ್ಣಿಗೆ "ನನ್ನವನನ್ನು ಕಿತ್ಕೋಬೇಡ" ಅಂತ ಅಂಗಲಾಚುತ್ತಾರೆ. ಬಿಯಾನ್ಸೆ ಮಾತು ಬದಲಿಸಿ ಅವಳಿಗೆ ಎಚ್ಚರಿಕೆ ಕೊಡುತ್ತಾರೆ. ಆ ಅಸಹಾಯಕತೆ ಹೋದ ಮೇಲೆ ಹಾಡಿನಲ್ಲಿ ಉಳಿಯೋದೇನು? ಆದರೆ 'ಡಾಟರ್' ಕೇಳಿ. ಕೊಲೆಯ ಕಲ್ಪನೆಯಿಂದ ಶುರುವಾದ ಗಿಟಾರ್ ಹಾಡು ಇದ್ದಕ್ಕಿದ್ದಂತೆ 'ಕಾರೋ ಮಿಯೋ ಬೆನ್' ಅನ್ನುವ ಹಳೆಯ ಇಟಾಲಿಯನ್ ಗೀತೆಗೆ ಹೊರಳುತ್ತದೆ. ನಾನು ಕೈಲಿದ್ದ ಕೆಲಸ ಬಿಟ್ಟು ಕೂತುಬಿಟ್ಟೆ.

ಇನ್ನು ಇದು ಕಂಟ್ರಿ ಹೌದೋ ಅಲ್ಲವೋ ಅನ್ನೋದರಲ್ಲಿ ಪ್ರಶಸ್ತಿ ಕೊಡುವವರಲ್ಲೇ ಒಮ್ಮತ ಇರಲಿಲ್ಲ. 2024ರ ಸಿಎಂಎಯಲ್ಲಿ ಒಂದೇ ಒಂದು ನಾಮನಿರ್ದೇಶನವೂ ಸಿಗಲಿಲ್ಲ. 2025ರ ಫೆಬ್ರುವರಿಯಲ್ಲಿ ಗ್ರ್ಯಾಮಿಯವರು ವರ್ಷದ ಆಲ್ಬಮ್ ಜೊತೆಗೆ ಅತ್ಯುತ್ತಮ ಕಂಟ್ರಿ ಆಲ್ಬಮ್ ಅಂತಲೂ ಕೊಟ್ಟರು. ಆ ಎರಡನೆಯದು ಕಪ್ಪು ಕಲಾವಿದರಿಗೆ ಸಿಕ್ಕಿದ್ದು ಅದೇ ಮೊದಲು. ಹೆಸರು ಕರೆದಾಗ ಬಿಯಾನ್ಸೆ ಬಾಯಿ ತೆರೆದುಕೊಂಡು ಕೂತಿದ್ದ ವಿಡಿಯೋ ನೀವೂ ನೋಡಿರಬಹುದು.