ಆಡಿಟ್ ನಿಯಮಗಳಿಂದ ಒಬ್ಬ ಬಳಕೆದಾರನನ್ನು ಹೊರಗಿಡುವುದು

ಪ್ರಿಯ ಓದುಗರೇ,

ನಿಮ್ಮ ಲಿನಕ್ಸ್ ಸರ್ವರ್‌ನಲ್ಲಿ ಬ್ಯಾಕಪ್‌ಗೆಂದೇ ಇರುವ ಖಾತೆಯು ರಾತ್ರಿ ನಿಗದಿತ ಸಮಯಕ್ಕೆ ಕೆಲಸ ನಡೆಸುವ ಕ್ರಾನ್ ಮೂಲಕ, ರೂಟ್ (ಪೂರ್ಣಾಧಿಕಾರದ ಬಳಕೆದಾರ) ಅಧಿಕಾರ ಕೊಡುವ ಸುಡೊ ಬಳಸಿ, ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ನಡೆಸುತ್ತದೆ. ಅದು ತೆರೆಯುವ ಪ್ರತಿಯೊಂದು ಫೈಲೂ ಆಡಿಟ್ ಲಾಗ್‌ನಲ್ಲಿ, ಅಂದರೆ ಯಾರು ಏನು ಮಾಡಿದರೆಂಬ ಕಡತದಲ್ಲಿ, ದಾಖಲಾಗುತ್ತಿದೆ. ಆ ಖಾತೆಯ ಯುಐಡಿಯನ್ನು (ಬಳಕೆದಾರ ಸಂಖ್ಯೆಯನ್ನು) ಹೆಸರಿಸಿ ಆಡಿಟ್ ನಿಯಮಗಳ ಕೊನೆಯಲ್ಲಿ ‘ನೆವರ್’ (ದಾಖಲಿಸಬೇಡ) ನಿಯಮ ಸೇರಿಸಿದರೂ ಪ್ರಯೋಜನವಾಗಲಿಲ್ಲ ಎಂದು ಬರೆದಿದ್ದೀರಿ.

ಇದಕ್ಕೆ ಎರಡು ಕಾರಣಗಳಿವೆ. ಲಿನಕ್ಸ್‌ನ ತಿರುಳಾದ ಕರ್ನಲ್, ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ ಮತ್ತು ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ. ಆದ್ದರಿಂದ ‘ನೆವರ್’ ನಿಯಮವು ‘ಆಲ್ವೇಸ್’ (ದಾಖಲಿಸು) ನಿಯಮಗಳಿಗಿಂತ ಮೊದಲೇ ಬರಬೇಕು. ರೂಲ್ಸ್ ಡಾಟ್ ಡಿ ಕಡತಕೋಶದಲ್ಲಿ ಹೆಸರು 10ರಿಂದ ಆರಂಭವಾಗುವ ಫೈಲಿನಲ್ಲಿ ಅದನ್ನು ಇಟ್ಟರೆ ನಿಯಮದ ಫೈಲುಗಳನ್ನು ಒಂದುಗೂಡಿಸುವ ಸಾಧನ augenrules ಅದನ್ನು ಮುಂದೆಯೇ ಜೋಡಿಸುತ್ತದೆ. ಎರಡನೆಯದಾಗಿ, ಸುಡೊ ಬಳಸಿದ ಕೂಡಲೇ ಯುಐಡಿ ರೂಟ್‌ನ 0 ಆಗುತ್ತದೆ. ಬದಲಾಗದೆ ಉಳಿಯುವುದು ಲಾಗಿನ್ ಸಮಯದಲ್ಲಿ ಪ್ಯಾಮ್ (ಲಾಗಿನ್ ನಿರ್ವಹಿಸುವ ವ್ಯವಸ್ಥೆ) ದಾಖಲಿಸುವ ಎಯುಐಡಿ, ಅಂದರೆ ಮೊದಲು ಲಾಗಿನ್ ಆದ ಖಾತೆಯ ಸಂಖ್ಯೆ. ನಿಯಮದಲ್ಲಿ ಅದನ್ನೇ ಹೆಸರಿಸಿರಿ. ಬ್ಯಾಕಪ್ಪನ್ನು ಕ್ರಾನ್ ಬದಲು ಸಿಸ್ಟಮ್‌ಡಿ (ಹಿನ್ನೆಲೆ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ ನಡೆಸಿದರೆ ಮಾತ್ರ ಎಯುಐಡಿ ನಿಗದಿಯಾಗದೆ 4294967295 ಎಂದೇ ಉಳಿಯುತ್ತದೆ. ಅಲ್ಲಿ ಈ ಉಪಾಯ ನಡೆಯದು.

ಆದರೆ ಆ ಖಾತೆಯನ್ನು ಸಂಪೂರ್ಣವಾಗಿ ಹೊರಗಿಡಬೇಡಿರೆಂದು ನಾನು ಒತ್ತಿ ಹೇಳುತ್ತೇನೆ. ಸುಡೊ ಅಧಿಕಾರವುಳ್ಳ ಖಾತೆಯ ಕೀಲಿ ಕಳ್ಳರ ಕೈ ಸೇರಿದ ದಿನ, ಅವರು ರೂಟ್ ಆಗಿ ಮಾಡಿದ್ದೆಲ್ಲವೂ ಅದೇ ಎಯುಐಡಿಯ ಮರೆಯಲ್ಲಿ ದಾಖಲಾಗದೆ ಹೋಗುತ್ತದೆ. ಎಯುಐಡಿಯ ಜೊತೆಗೆ ಆರ್‌ಸಿಂಕ್ ಇರುವ ಪೂರ್ಣ ಹಾದಿಯನ್ನೂ ಎಕ್ಸ್‌ಇ (ನಡೆಯುತ್ತಿರುವ ಪ್ರೋಗ್ರಾಂ) ಎಂಬ ಷರತ್ತಾಗಿ ಅದೇ ‘ನೆವರ್’ ನಿಯಮಕ್ಕೆ ಸೇರಿಸಿರಿ. ಒಂದು ನಿಯಮದ ಷರತ್ತುಗಳೆಲ್ಲವೂ ಒಟ್ಟಿಗೆ ನಿಜವಾದಾಗ ಮಾತ್ರ ಅದು ಅನ್ವಯಿಸುವುದರಿಂದ, ಆ ಖಾತೆಯ ಆರ್‌ಸಿಂಕ್ ಮಾತ್ರ ಹೊರಗುಳಿಯುತ್ತದೆ.

ಇದನ್ನೇ ‘ಆಲ್ವೇಸ್’ ನಿಯಮದೊಳಗೆ, ‘ಈ ಎಯುಐಡಿ ಅಲ್ಲ, ಈ ಎಕ್ಸ್‌ಇ ಅಲ್ಲ’ ಎಂಬ ಎರಡು ಷರತ್ತುಗಳಾಗಿ ಬರೆಯುವ ಸಲಹೆ ನಿಮಗೆ ಸಿಗಬಹುದು. ದಯವಿಟ್ಟು ಹಾಗೆ ಬರೆಯಬೇಡಿರಿ. ಎರಡೂ ನಿಜವಾದರಷ್ಟೇ ದಾಖಲೆ ಎಂದಾಗ, ಆ ಖಾತೆಯ ಎಲ್ಲ ಕೆಲಸಗಳ ಜೊತೆಗೆ ಉಳಿದವರು ನಡೆಸುವ ಆರ್‌ಸಿಂಕ್ ಕೂಡ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಹಲವು ಖಾತೆಗಳನ್ನು ಪೂರ್ತಿ ಹೊರಗಿಡುವುದೇ ಉದ್ದೇಶವಾಗಿದ್ದರೆ ಮಾತ್ರ ‘ಅಲ್ಲ’ ಎಂಬ ಷರತ್ತುಗಳ ಸಾಲು ಸರಿಹೋಗುತ್ತದೆ.

ಸುಡೊ ಮತ್ತು ಕ್ರಾನ್ ತಾವೇ ಕಳುಹಿಸುವ ಲಾಗಿನ್ ದಾಖಲೆಗಳು ಇದರಿಂದ ನಿಲ್ಲುವುದಿಲ್ಲ; ಅವು ಉಳಿಯುವುದೇ ಒಳ್ಳೆಯದು. ನಿಯಮಗಳನ್ನು ಮತ್ತೆ ಲೋಡ್ ಮಾಡಿ, ಜಾರಿಯಲ್ಲಿರುವ ನಿಯಮಗಳನ್ನು ತೋರಿಸುವ ಆಡಿಟ್‌ಸಿಟಿಎಲ್ ಆಜ್ಞೆಯ ಪಟ್ಟಿಯಲ್ಲಿ ಅವುಗಳ ಕ್ರಮವನ್ನು ನೋಡಿರಿ. ಸಂರಚನೆಗೆ ಬೀಗ ಹಾಕಿದ್ದರೆ, ಸರ್ವರ್ ರೀಬೂಟ್ ಆಗುವವರೆಗೆ ಹೊಸ ನಿಯಮ ಜಾರಿಗೆ ಬರುವುದಿಲ್ಲ.

— ಸಂಪಾದಕ