ಟೆರಾಫಾರ್ಮ್‌ನ ಕೌಂಟ್ ಪಟ್ಟಿಯ ನಡುವಿನಿಂದ ಹೆಸರು ತೆಗೆದವರು ‘ಯೆಸ್’ ಒತ್ತುವ ಮೊದಲು ಓದಿ

ಸರ್, ಇನ್ನೂ ‘ಯೆಸ್’ ಎಂದು ಬರೆದಿಲ್ಲವಾದರೆ ದಯವಿಟ್ಟು ಬರೆಯಬೇಡಿ. ಅಪ್ಲೈಯಿಂದ, ಅಂದರೆ ಬದಲಾವಣೆಗಳನ್ನು ನಿಜವಾಗಿ ಜಾರಿಮಾಡುವ ಹಂತದಿಂದ, ಹೊರಗೆ ಬನ್ನಿ, ಆಮೇಲೆ ಇದನ್ನು ಓದಿ.

ಬೆಳಗ್ಗೆ ನೀವು ಕೇಳಿದ್ದು ಇಷ್ಟು: ಐದು ತಾಲ್ಲೂಕುಗಳ ಹಾಲಿನ ಡೇರಿ ಲೆಕ್ಕಕ್ಕೆ ಐದು ಎಸ್3 ಬಕೆಟ್ (ಅಮೆಜಾನ್ ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗ), ಟೆರಾಫಾರ್ಮ್‌ನಲ್ಲಿ (ಏನೇನು ಬೇಕೆಂದು ಫೈಲಿನಲ್ಲಿ ಬರೆದರೆ ಅದನ್ನು ಕ್ಲೌಡ್‌ನಲ್ಲಿ ಕಟ್ಟುವ ಸಾಧನ) ಒಂದೇ ರಿಸೋರ್ಸ್, ಅದಕ್ಕೆ ಕೌಂಟ್, ಅಂದರೆ ಅದರ ಎಷ್ಟು ಪ್ರತಿ ಬೇಕೆಂಬ ಸಂಖ್ಯೆ. ಪಟ್ಟಿಯಲ್ಲಿ ಎರಡನೆಯದಾಗಿದ್ದ ಗೌರಿಬಿದನೂರನ್ನು ತೆಗೆದಿರಿ. ಈಗ ಪ್ಲ್ಯಾನ್ (ಅಪ್ಲೈ ಮಾಡಿದರೆ ಏನಾಗುತ್ತದೆ ಎಂದು ಮೊದಲೇ ತೋರಿಸುವ ಪಟ್ಟಿ) ‘ಸೇರಿಸಲು 3, ಅಳಿಸಲು 4’ ಎನ್ನುತ್ತಿದೆ. ‘ಮೂರು ಹೇಗೂ ಮತ್ತೆ ಬರುತ್ತವಲ್ಲ, ಹೋಗುವುದು ಒಂದು ತಾನೇ, ಮುಂದುವರಿಯಲೇ?’ ಎಂದು ಕೇಳಿದ್ದೀರಿ. ಗುಂಪಿನಲ್ಲಿ ನಿಮ್ಮ ಪ್ರಶ್ನೆಯ ಕೆಳಗೆ ಇಬ್ಬರು ಧಾರಾಳವಾಗಿ ‘ಮುಂದುವರಿಯಿರಿ’ ಎಂದೂ ಹೇಳಿದ್ದಾರೆ. ಮತ್ತೆ ಬರುವುದು ಖಾಲಿ ಬಕೆಟ್ ಸರ್. ಅದರೊಳಗೆ ಇದ್ದದ್ದು ಬರುವುದಿಲ್ಲ.

ಇದೇ ತಪ್ಪನ್ನು 2022ರ ಜೂನ್‌ನಲ್ಲಿ ನಾನು ಮಾಡಿದ್ದೇನೆ. ಆಗ ನಾನು ನೋಡಿಕೊಳ್ಳುತ್ತಿದ್ದದ್ದು ಮಂಡಿಗಳ ಬಿಲ್ಲು ಇಡುವ ಒಂದು ಸಣ್ಣ ವ್ಯವಸ್ಥೆ. ಪಟ್ಟಿಯಲ್ಲಿ ನಾಲ್ಕು ಊರು, ಇದೇ ಕ್ರಮದಲ್ಲಿ: ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ. ಮುಳಬಾಗಿಲಿನವರು ಬಿಟ್ಟುಹೋದರು, ಹೆಸರು ತೆಗೆದೆ. ಕೌಂಟ್‌ಗೆ ಊರಿನ ಹೆಸರು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು 0, 1, 2, 3 ಎಂಬ ಸ್ಥಾನ ಮಾತ್ರ. ಸಾಲಿನಲ್ಲಿ ನಡುವಿನವರೊಬ್ಬರು ಎದ್ದುಹೋದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದಂತೆ ಶ್ರೀನಿವಾಸಪುರ 1ಕ್ಕೆ ಬಂತು, ಚಿಂತಾಮಣಿ 2ಕ್ಕೆ ಬಂತು, 3 ಖಾಲಿಯಾಯಿತು. ಬಕೆಟ್‌ನ ಹೆಸರನ್ನು ಇದ್ದಲ್ಲೇ ಬದಲಿಸಲು ಬರುವುದಿಲ್ಲ, ಆದ್ದರಿಂದ ಪ್ರತಿಯೊಂದನ್ನೂ ಅಳಿಸಿ ಹೊಸದಾಗಿ ಮಾಡಬೇಕೆಂದು ಪ್ಲ್ಯಾನ್ ಹೇಳಿತು. ‘ಸೇರಿಸಲು 2, ಅಳಿಸಲು 3.’ ನಾನು ಓದಿದ್ದು ಆ ಕೊನೆಯ ಸಾಲನ್ನು ಮಾತ್ರ. ನಿಮ್ಮ ಹಾಗೆಯೇ ಮೂರರಲ್ಲಿ ಎರಡು ಕಳೆದು ಒಂದು ಎಂದುಕೊಂಡೆ.

ತುಂಬಿದ ಬಕೆಟ್ ಅಳಿಯುವುದಿಲ್ಲವಲ್ಲ ಎಂದು ನಿಮಗೆ ಧೈರ್ಯವಿರಬಹುದು. ನನಗೂ ಇತ್ತು. ಆದರೆ ಪರೀಕ್ಷೆಯ ದಿನಗಳಲ್ಲಿ ಮತ್ತೆ ಮತ್ತೆ ಅಳಿಸಿ ಕಟ್ಟುವಾಗ ಬೇಸರವಾಗಿ ತುಂಬಿದ ಬಕೆಟ್ ಅನ್ನೂ ಅಳಿಸಲು ಬಿಡುವ ಫೋರ್ಸ್ ಡಿಸ್ಟ್ರಾಯ್ ಅನ್ನು ‘ಟ್ರೂ’ ಮಾಡಿ ಹಾಗೆಯೇ ಬಿಟ್ಟಿದ್ದೆ. ವರ್ಷನಿಂಗ್ ಇದೆ, ಹಳೆಯ ಪ್ರತಿಗಳಾದರೂ ಸಿಗುತ್ತವೆ ಎಂದುಕೊಂಡರೆ ಅದೂ ಸುಳ್ಳಾಯಿತು. ಫೋರ್ಸ್ ಡಿಸ್ಟ್ರಾಯ್ ಹಳೆಯ ವರ್ಷನ್‌ಗಳನ್ನೂ ಗುಡಿಸಿ ಹಾಕಿದ ಮೇಲೆಯೇ ಬಕೆಟ್ ಅಳಿಸುತ್ತದೆ. ಅದರ ಮೇಲೆ, ಆಗತಾನೇ ಅಳಿದ ಹೆಸರಿನಲ್ಲೇ ಹೊಸ ಬಕೆಟ್ ಮಾಡಲು ಹೋಗಿ ಅಪ್ಲೈ ಅರ್ಧದಲ್ಲಿ ಎರರ್ ಕೊಟ್ಟು ನಿಂತಿತು. ಆಗ ಎರರ್ ಓದಿದೆ. ಅದರ ಮೇಲಿನ ಸಾಲುಗಳನ್ನು ಆಮೇಲೆ ಓದಿದೆ. ಕೈ ತಣ್ಣಗಾಯಿತು.

ಜೂನ್ ಎಂದರೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ರೈತರಿಗೆ ಕೊಟ್ಟ ಪ್ರತಿ ಬಿಲ್ಲಿನ ಫೋಟೊ ಆ ಬಕೆಟ್‌ನಲ್ಲಿತ್ತು. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅಲ್ಲಿಗೆ ಹೋದೆ. ಮಂಡಿಯ ಗುಮಾಸ್ತರು ಬೈಯಲಿಲ್ಲ. ತೋತಾಪುರಿ ರಾಶಿಯ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಟ್ಟು, ಬಿಲ್ ಪುಸ್ತಕಗಳನ್ನು ತಂದು ಮುಂದಿಟ್ಟರು. ಕಾರ್ಬನ್ ಪ್ರತಿಗಳು, ಕೆಲವು ಹಾಳೆಗಳಲ್ಲಿ ನೀಲಿ ಅಕ್ಷರ ಬೆವರಿಗೆ ಕಲಸಿಹೋಗಿತ್ತು, ಕೆಲವು ಹಾಳೆಗಳು ಮಾವಿನ ಸೊನೆಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದನ್ನೂ ಬಿಡಿಸಿ, ನೆರಳು ಬೀಳದಂತೆ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆದೆ. ಶ್ರೀನಿವಾಸಪುರಕ್ಕೆ ನಾಲ್ಕು ದಿನ, ಚಿಂತಾಮಣಿಗೆ ಮೂರು ದಿನ. ಓದಲಾಗದ ಹಾಳೆಗಳಿಗೆ ಗುಮಾಸ್ತರು ನೆನಪಿನಿಂದ ತೂಕ ಹೇಳಿದರು. ರೈತರ ದುಡ್ಡಿನ ಲೆಕ್ಕ ಯಾರದೋ ನೆನಪಿನ ಮೇಲೆ ನಿಲ್ಲುವ ಹಾಗೆ ಮಾಡಿದೆನಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಈಗ ನೀವು ಮಾಡಬೇಕಾದದ್ದು. ಮೊದಲು ಗೌರಿಬಿದನೂರನ್ನು ಪಟ್ಟಿಗೆ ಅದೇ ಜಾಗದಲ್ಲಿ ವಾಪಸ್ ಇಡಿ. ಪ್ಲ್ಯಾನ್ ಓಡಿಸಿ, ಏನೂ ಬದಲಾವಣೆ ಇಲ್ಲ ಎಂದು ಬರಬೇಕು. ನಂತರ ಕೌಂಟ್ ತೆಗೆದು ಫಾರ್ ಈಚ್ ಹಾಕಿ (ಅದು ಸ್ಥಾನದ ಬದಲು ಕೀ ಎಂಬ ಗುರುತಿನಿಂದ ಪ್ರತಿಯೊಂದನ್ನೂ ಗುರುತಿಸುತ್ತದೆ), ಪ್ರತಿ ಸ್ಥಾನಕ್ಕೂ ಹಳೆಯದೇ ಹೊಸ ಗುರುತಿಗೆ ಸರಿದಿದೆ ಎಂದು ಹೇಳುವ ಒಂದೊಂದು ಮೂವ್ಡ್ ಬ್ಲಾಕ್ ಬರೆಯಿರಿ: ‘ಫ್ರಮ್’ನಲ್ಲಿ ಹಳೆಯ ಅಂಕೆ, ‘ಟು’ನಲ್ಲಿ ಹೊಸ ಕೀ. ಈ ಮೂವ್ಡ್ ಬ್ಲಾಕ್ ಟೆರಾಫಾರ್ಮ್ 1.1ರಲ್ಲಿ, 2021ರ ಡಿಸೆಂಬರ್‌ನಲ್ಲೇ ಬಂದಿತ್ತು. ನನ್ನ ಅನಾಹುತಕ್ಕೆ ಆರು ತಿಂಗಳು ಮೊದಲೇ ಇತ್ತು, ನಾನು ಓದಿರಲಿಲ್ಲ. ಈಗ ಪ್ಲ್ಯಾನ್ ಓಡಿಸಿದರೆ ಯಾವುದು ಎಲ್ಲಿಗೆ ಸರಿದಿದೆ ಎಂದು ಐದು ಸಾಲು ತೋರಿಸಿ, ಕೊನೆಗೆ ಮೂರೂ ಸೊನ್ನೆ ಬರಬೇಕು. ಸೊನ್ನೆ ಬಾರದೆ ಅಪ್ಲೈ ಮಾಡಬೇಡಿ. ಗೌರಿಬಿದನೂರನ್ನು ತೆಗೆಯುವುದು ಇದಾದ ಮೇಲೆ, ಬೇರೆ ದಿನ, ಬೇರೆ ಅಪ್ಲೈನಲ್ಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವ ಸಾಲು ಯಾವುದಕ್ಕೆ ಎಂದು ನೀವೇ ತಡಕಾಡುತ್ತೀರಿ.

ಒಂದು ಎಚ್ಚರಿಕೆ. ವರ್ಷನಿಂಗ್, ಪಬ್ಲಿಕ್ ಆ್ಯಕ್ಸೆಸ್ ಬ್ಲಾಕ್, ಪಾಲಿಸಿ ಇವೆಲ್ಲ ಬೇರೆ ಬೇರೆ ರಿಸೋರ್ಸ್‌ಗಳು. ಅವುಗಳಿಗೂ ಕೌಂಟ್ ಇದ್ದರೆ ಅವುಗಳಿಗೂ ಮೂವ್ಡ್ ಬ್ಲಾಕ್ ಬೇಕು. ಎಲ್ಲವೂ ಒಂದು ಮಾಡ್ಯೂಲ್‌ನೊಳಗಿದ್ದು (ಹಲವು ರಿಸೋರ್ಸ್‌ಗಳ ಒಂದು ಕಟ್ಟು) ಕೌಂಟ್ ಮಾಡ್ಯೂಲ್‌ಗೆ ಇದ್ದರೆ ಕೆಲಸ ಸುಲಭ, ಮಾಡ್ಯೂಲ್‌ನ ಪ್ರತಿ ಸ್ಥಾನಕ್ಕೆ ಒಂದು ಮೂವ್ಡ್ ಬ್ಲಾಕ್ ಬರೆದರೆ ಒಳಗಿನದೆಲ್ಲ ಜೊತೆಯಲ್ಲೇ ಸರಿಯುತ್ತದೆ.

ಕೀ ವಿಷಯದಲ್ಲಿ ನನ್ನದೊಂದು ಹಟವಿದೆ. ಊರಿನ ಹೆಸರನ್ನು ಕೀ ಮಾಡಬೇಡಿ. ನಮ್ಮ ಊರುಗಳ ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬರದು ಒಂದೊಂದು. ಚಿಕ್ಕಬಳ್ಳಾಪುರಕ್ಕೆ ‘ಕೆ’ ಒಂದೋ ಎರಡೋ, ಶಿಡ್ಲಘಟ್ಟ ‘ಎಸ್’ನಿಂದಲೋ ‘ಎಸ್ಎಚ್’ನಿಂದಲೋ? ತುಮಕೂರಿನ ಅಧಿಕೃತ ಇಂಗ್ಲಿಷ್ ಹೆಸರೇ 2014ರಲ್ಲಿ ಬದಲಾಯಿತು. ಯಾರೋ ಹೊಸಬರು ಬಂದು ‘ಸ್ಪೆಲ್ಲಿಂಗ್ ಸರಿಮಾಡುತ್ತೇನೆ’ ಎಂದು ಒಂದು ಅಕ್ಷರ ತಿದ್ದಿದರೆ ಟೆರಾಫಾರ್ಮ್‌ಗೆ ಅದು ಬೇರೆ ಊರು, ಹಳೆಯದನ್ನು ಅಳಿಸುತ್ತದೆ. ನಾನು ಪಿನ್ ಕೋಡ್ ಬಳಸುತ್ತೇನೆ. ಕೋಲಾರಕ್ಕೆ 563101, ಚಿಂತಾಮಣಿಗೆ 563125. ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಕೀ ಯಾವಾಗಲೂ ಸ್ಟ್ರಿಂಗ್ ಆಗಿರಬೇಕು. ಈಗಿರುವ ಬಕೆಟ್‌ನ ಹೆಸರನ್ನು ಮಾತ್ರ ಮುಟ್ಟಬೇಡಿ, ಅದನ್ನು ಮ್ಯಾಪ್‌ನಲ್ಲಿ (ಕೀ ಮತ್ತು ಅದರ ಮೌಲ್ಯದ ಜೋಡಿಗಳ ಪಟ್ಟಿ) ಆ ಪಿನ್ ಕೋಡ್‌ನ ಎದುರು ಇದ್ದದ್ದು ಇದ್ದಂತೆ ಬರೆಯಿರಿ.

ಫೋರ್ಸ್ ಡಿಸ್ಟ್ರಾಯ್ ಇದ್ದರೆ ಇವತ್ತೇ ‘ಫಾಲ್ಸ್’ ಮಾಡಿ, ಮಾಡಿದ ಮೇಲೆ ಅಪ್ಲೈ ಮಾಡಿ. ಇದನ್ನು ಬಹಳ ಜನ ತಪ್ಪುತ್ತಾರೆ. ಅಳಿಸುವಾಗ ಲೆಕ್ಕಕ್ಕೆ ಬರುವುದು ಸ್ಟೇಟ್‌ನಲ್ಲಿ (ತಾನು ಏನೇನು ಕಟ್ಟಿದ್ದೇನೆಂದು ಟೆರಾಫಾರ್ಮ್ ಇಟ್ಟುಕೊಳ್ಳುವ ಲೆಕ್ಕದ ಫೈಲ್) ದಾಖಲಾದ ಮೌಲ್ಯ, ನಿಮ್ಮ ಫೈಲಿನಲ್ಲಿ ಈಗತಾನೇ ತಿದ್ದಿದ್ದಲ್ಲ. ತಿದ್ದಿ, ಅದೇ ಉಸಿರಿನಲ್ಲಿ ರಿಸೋರ್ಸ್ ತೆಗೆದು ಅಪ್ಲೈ ಮಾಡಿದರೆ ಹಳೆಯ ‘ಟ್ರೂ’ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಅಳಿಸುವುದನ್ನು ತಡೆಯುವ ಪ್ರಿವೆಂಟ್ ಡಿಸ್ಟ್ರಾಯ್ ಹಾಕಿ, ಒಳ್ಳೆಯದು. ಆದರೆ ಬ್ಲಾಕ್ ಅನ್ನೇ ಪೂರ್ತಿ ತೆಗೆದರೆ ಆ ಕಾವಲೂ ಬ್ಲಾಕ್ ಜೊತೆಗೇ ಹೋಗುತ್ತದೆ ಎಂಬುದು ನೆನಪಿರಲಿ. ಆದ್ದರಿಂದಲೇ ನಾನು ಡೇಟಾ ಇರುವುದನ್ನೆಲ್ಲ, ಬಕೆಟ್, ಡೇಟಾಬೇಸ್, ಗೂಢಲಿಪಿಯ ಕೀಗಳನ್ನು, ಬೇರೆಯದೇ ಫೋಲ್ಡರ್, ಬೇರೆಯದೇ ಸ್ಟೇಟ್‌ನಲ್ಲಿ ಇಡುತ್ತೇನೆ. ದಿನಾ ಕೈಯಾಡಿಸುವ ಸರ್ವರ್‌ಗಳ ಜೊತೆ ಅವು ಇರಬಾರದು.

ಇಲ್ಲಿ ಒಬ್ಬರು ‘ಕ್ಲೌಡ್‌ಫಾರ್ಮೇಶನ್‌ನಲ್ಲಿ ಈ ಗೋಳೇ ಇಲ್ಲ’ ಎಂದು ಬರೆದಿದ್ದಾರೆ (ಅದು ಇದೇ ಕೆಲಸಕ್ಕೆ ಅಮೆಜಾನ್‌ನ ಸ್ವಂತ ಸಾಧನ). ಒಂದು ಮಟ್ಟಿಗೆ ನಿಜ. ತುಂಬಿದ ಬಕೆಟ್ ಅನ್ನು ಅದು ಅಳಿಸಲಾರದೆ ನಿಲ್ಲುತ್ತದೆ, ಅದು ಅದರ ಗುಣ. ಆದರೆ ಲಾಜಿಕಲ್ ಐಡಿ (ಫೈಲಿನಲ್ಲಿ ರಿಸೋರ್ಸ್‌ಗೆ ಕೊಟ್ಟ ಹೆಸರು) ಬದಲಿಸಿ ನೋಡಿ, ಅಲ್ಲಿಯೂ ಹಳೆಯದು ಹೋಗಿ ಹೊಸದು ಬರುತ್ತದೆ. ಅಳಿಸುವಾಗ ಉಳಿಸಿಕೊಳ್ಳಲೆಂದು ಡಿಲೀಷನ್ ಪಾಲಿಸಿಗೆ ‘ರಿಟೇನ್’ ಹಾಕಿದವರು ಅಪ್‌ಡೇಟ್ ರಿಪ್ಲೇಸ್ ಪಾಲಿಸಿಯನ್ನು ಮರೆಯುತ್ತಾರೆ. ಬದಲಿಯಾಗುವಾಗ ಹಳೆಯದನ್ನು ಉಳಿಸುವುದು ಎರಡನೆಯದು. ಚೇಂಜ್ ಸೆಟ್ (ಅಲ್ಲಿನ ಪ್ಲ್ಯಾನ್) ಮಾಡದೆ ನೇರವಾಗಿ ಸ್ಟ್ಯಾಕ್ ಅಪ್‌ಡೇಟ್ ಮಾಡುವವರೂ ನಿಮ್ಮ ದಾರಿಯಲ್ಲೇ ಇದ್ದಾರೆ.

ನನ್ನನ್ನು ಕೇಳಿದರೆ ಹೊಸದಾಗಿ ಶುರುಮಾಡುವವರು ಓಪನ್‌ಟೋಫು ಹಿಡಿಯಲಿ. ಟೆರಾಫಾರ್ಮ್‌ನ ಪರವಾನಗಿ 2023ರ ಆಗಸ್ಟ್‌ನಲ್ಲಿ ಬದಲಾದ ಮೇಲೆ ಅದರಿಂದಲೇ ಕವಲೊಡೆದು ಹುಟ್ಟಿ, ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಬೆಳೆದದ್ದು ಅದು. ನಾನು ಹೋದದ್ದು ಪರವಾನಗಿಯ ಜಗಳಕ್ಕಲ್ಲ. ಅದರ 1.7ರಲ್ಲಿ ಸ್ಟೇಟ್ ಅನ್ನೇ ಗೂಢಲಿಪಿಯಲ್ಲಿ ಇಡುವ ಸೌಲಭ್ಯ ಬಂತು, ಅದಕ್ಕೆ ಹೋದೆ. ಇದು ನಿಮಗೂ ಬೇಕು ಸರ್, ಏಕೆಂದರೆ ನೀವು ಬೆಳಗ್ಗೆ ಗುಂಪಿಗೆ ಹಾಕಿದ ಮೂರನೆಯ ಚಿತ್ರದಲ್ಲಿ ಸ್ಟೇಟ್ ಫೈಲ್ ತೆರೆದಿದೆ, ಡೇಟಾಬೇಸ್‌ನ ಪಾಸ್‌ವರ್ಡ್ ಸ್ಪಷ್ಟವಾಗಿ ಕಾಣುತ್ತಿದೆ. ಚಿತ್ರ ಅಳಿಸಿದರೆ ಸಾಲದು, ಪಾಸ್‌ವರ್ಡ್ ಈಗಲೇ ಬದಲಿಸಿ. ‘ಸೆನ್ಸಿಟಿವ್’ ಎಂದು ಗುರುತು ಹಾಕಿದ್ದೇನೆ ಎನ್ನಬೇಡಿ, ಅದು ಪರದೆಯ ಮೇಲೆ ಮುಚ್ಚುತ್ತದೆ ಅಷ್ಟೇ, ಸ್ಟೇಟ್‌ನಲ್ಲಿ ಇದ್ದಂತೆಯೇ ಇರುತ್ತದೆ. ಸ್ಟೇಟ್ ಫೈಲ್ ಅನ್ನು ಗಿಟ್‌ಗೆ (ಫೈಲುಗಳ ಹಳೆಯ ರೂಪಗಳನ್ನೆಲ್ಲ ಇಡುವ ವ್ಯವಸ್ಥೆ) ಹಾಕಿದ್ದರೆ ಹಳೆಯ ಕಮಿಟ್‌ಗಳಲ್ಲಿಯೂ ಅದು ಕುಳಿತಿದೆ. ಇನ್ನೊಬ್ಬರ ವ್ಯವಹಾರದ ಬೀಗದಕೈ ನಿಮ್ಮ ಹತ್ತಿರ ಇದೆ, ಇಷ್ಟು ಅಜಾಗರೂಕತೆ ಸಲ್ಲದು.

ಸ್ಟೇಟ್‌ಗೆ ವರ್ಷನಿಂಗ್ ಇರುವ ಪ್ರತ್ಯೇಕ ಬಕೆಟ್ ಮಾಡಿ, ಇಬ್ಬರು ಒಟ್ಟಿಗೆ ಅಪ್ಲೈ ಮಾಡದಂತೆ ಲಾಕ್ ಹಾಕಿ. ಟೆರಾಫಾರ್ಮ್ 1.10ರಿಂದ ಎಸ್3ಯಲ್ಲೇ ಲಾಕ್ ಫೈಲ್ ಇಡಬಹುದು, ಲಾಕ್‌ಗೆಂದು ಡೈನಮೊಡಿಬಿ (ಅಮೆಜಾನ್‌ನ ಡೇಟಾಬೇಸ್) ಟೇಬಲ್ ಬೇಕಿಲ್ಲ. ನಮ್ಮ ಕಡೆ ಕರೆಂಟು ಹೋಗುವುದು ಗೊತ್ತೇ ಇದೆ. ಅಪ್ಲೈ ನಡೆಯುವಾಗ ನೆಟ್ ಕಡಿದರೆ ಬದಲಾವಣೆಗಳಲ್ಲಿ ಕೆಲವು ಕ್ಲೌಡ್‌ನಲ್ಲಿ ಆಗಿರುತ್ತವೆ, ಸ್ಟೇಟ್‌ಗೆ ಗೊತ್ತಿರುವುದಿಲ್ಲ. ಆಗ ನಿಮ್ಮ ಫೋಲ್ಡರ್‌ನಲ್ಲಿ ‘ಎರರ್ಡ್’ ಎಂಬ ಹೆಸರಿನ ಸ್ಟೇಟ್ ಫೈಲ್ ಉಳಿದಿದೆಯೇ ನೋಡಿ. ಇದ್ದರೆ ಅದನ್ನು ಅಳಿಸಬೇಡಿ, ಸ್ಟೇಟ್ ಪುಶ್ ಮಾಡಿ. ಲಾಕ್ ಸಿಕ್ಕಿಕೊಂಡಿದೆ ಎಂದು ಕೂಡಲೇ ಫೋರ್ಸ್ ಅನ್‌ಲಾಕ್ ಮಾಡಬೇಡಿ, ಜೊತೆಯವರು ಯಾರಾದರೂ ಓಡಿಸುತ್ತಿದ್ದಾರೆಯೇ ಎಂದು ಫೋನ್ ಮಾಡಿ ಕೇಳಿ. ನಾನು ಈಗ ಮನೆಯಿಂದ ಅಪ್ಲೈ ಮಾಡುವುದನ್ನೇ ಬಿಟ್ಟಿದ್ದೇನೆ. ಮುಂಬೈ ರೀಜನ್‌ನಲ್ಲಿ ಒಂದು ಸಣ್ಣ ಮಷೀನ್ ಇದೆ, ಅದರಲ್ಲಿ ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ಕಿಟಕಿ) ತೆರೆದು ಓಡಿಸುತ್ತೇನೆ. ಇಲ್ಲಿ ಕರೆಂಟು ಹೋದರೂ ಅಲ್ಲಿ ಕೆಲಸ ಮುಗಿಯುತ್ತದೆ.

ಗೌರಿಬಿದನೂರಿನದನ್ನು ತೆಗೆಯುವಾಗ ಅದಕ್ಕೆಂದೇ ಮಾಡಿದ್ದ ನ್ಯಾಟ್ ಗೇಟ್‌ವೇ (ಒಳಗಿನ ಮಷೀನ್‌ಗಳಿಗೆ ಇಂಟರ್ನೆಟ್‌ನ ದಾರಿ), ಪಬ್ಲಿಕ್ ಐಪಿ ಉಳಿದಿವೆಯೇ ಎಂದೂ ನೋಡಿ. ಅಮೆಜಾನ್‌ನ ವೆಬ್ ಕನ್ಸೋಲ್‌ನಲ್ಲಿ ಕೈಯಿಂದ ಮಾಡಿದ್ದು ಸ್ಟೇಟ್‌ನಲ್ಲಿ ಇರುವುದಿಲ್ಲ, ಡಿಸ್ಟ್ರಾಯ್‌ಗೆ ಸಿಗುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ. 2024ರ ಫೆಬ್ರುವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್, ಅಂದರೆ ತಿಂಗಳಿಗೆ ಸುಮಾರು 3.65 ಡಾಲರ್ ಬೀಳುತ್ತದೆ, ಬಳಸಿದರೂ ಬಳಸದಿದ್ದರೂ.

ಮೂವ್ಡ್ ಬ್ಲಾಕ್ ಬರೆದ ಮೇಲೆ ಪ್ಲ್ಯಾನ್ ಅನ್ನು ‘ಔಟ್’ ಆಯ್ಕೆಯೊಂದಿಗೆ ಫೈಲಿಗೆ ಉಳಿಸಿ. ಅಪ್ಲೈ ಮಾಡುವಾಗ ಆ ಫೈಲನ್ನೇ ಕೊಡಿ, ಓದಿದ್ದೇ ನಡೆಯುತ್ತದೆ. ಅದರ ಪಠ್ಯವನ್ನು ಪಾಸ್‌ವರ್ಡ್ ಇಲ್ಲದಂತೆ ನೋಡಿಕೊಂಡು ನನಗೆ ಕಳುಹಿಸಿ. ರಾತ್ರಿ ಒಂಬತ್ತರ ನಂತರ ಕುಳಿತು ಸಾಲು ಸಾಲಾಗಿ ಓದಿ ಹೇಳುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ.