ಓದುಗರ ಪ್ರಶ್ನೆ: ಸರಾಸರಿಯಲ್ಲಿ ಅಡಗುವ ವಿಮಾನದ ಸದ್ದು

ಪ್ರಶ್ನೆ: ಹನ್ನೆರಡು ವರ್ಷಗಳ ಹಿಂದೆ ನಾವು ಈ ಬಡಾವಣೆಗೆ ಬಂದಾಗ ವಿಮಾನಗಳು ಅಪರೂಪಕ್ಕೊಮ್ಮೆ ತಲೆಯ ಮೇಲೆ ಹಾದುಹೋಗುತ್ತಿದ್ದವು. ಈಗ ಬೆಳಗಿನ ಜಾವ ಆರಂಭವಾದರೆ ನಡುರಾತ್ರಿಯವರೆಗೂ ಬಿಡುವಿಲ್ಲ. ಫೋನಿನಲ್ಲಿ ಮಾತನಾಡುತ್ತ "ಸ್ವಲ್ಪ ತಾಳಿ, ವಿಮಾನ ಹೋಗಲಿ" ಎನ್ನುವುದು ಮನೆಯವರಿಗೆಲ್ಲ ರೂಢಿಯಾಗಿದೆ. ನಿವಾಸಿಗಳ ಸಂಘ ದೂರು ಕೊಟ್ಟರೆ, ವಿಮಾನ ನಿಲ್ದಾಣದವರು ಸರಾಸರಿ ಶಬ್ದಮಟ್ಟ ಹತ್ತು ವರ್ಷಗಳಿಂದ ಬದಲಾಗಿಲ್ಲವೆಂದು ಅಂಕಿಅಂಶ ತೋರಿಸುತ್ತಾರೆ. ನಮ್ಮ ಕಿವಿ ಸುಳ್ಳೋ, ಅವರ ಲೆಕ್ಕ ಸುಳ್ಳೋ?

ಉತ್ತರ: ಎರಡೂ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡಿಕೆಯಂತೆ ನಡೆಯುವುದಿಲ್ಲ. ಒಂದೇ ಬಗೆಯ ವಿಮಾನಗಳ ಹಾರಾಟ ದಿನಕ್ಕೆ 100ರಿಂದ 200ಕ್ಕೆ ಏರಿದರೂ ಸರಾಸರಿ ಶಬ್ದಮಟ್ಟ ಏರುವುದು 3 ಡೆಸಿಬಲ್ ಮಾತ್ರ. ಈ ನಡುವೆ ಹೊಸ ಎಂಜಿನ್‌ಗಳು ಬಂದು ಒಂದೊಂದು ವಿಮಾನದ ಸದ್ದೂ 3 ಡೆಸಿಬಲ್ ತಗ್ಗಿದ್ದರೆ, ಹಾರಾಟ ಇಮ್ಮಡಿಯಾಗಿದ್ದರೂ ಸರಾಸರಿ ಇದ್ದಲ್ಲೇ ಇರುತ್ತದೆ. ಆದರೆ ನಿದ್ದೆ ಕೆಡಿಸುವುದು ಸರಾಸರಿಯಲ್ಲ. 5 ಗಂಟೆ 12 ನಿಮಿಷಕ್ಕೆ ಹಾದುಹೋದ ಆ ಒಂದು ವಿಮಾನ, ಮತ್ತೆ ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಅದರ ಹಿಂದೆಯೇ ಬಂದ ಇನ್ನೊಂದು.

ಆದ್ದರಿಂದ ನಿಮ್ಮ ಸಂಘವು ಸರಾಸರಿಯ ಜೊತೆಗೆ ಎಣಿಕೆಯನ್ನೂ ಕೇಳಬೇಕು. ಆಸ್ಟ್ರೇಲಿಯದಲ್ಲಿ ಎನ್70 ಎಂಬ ಅಳತೆ ಬಳಕೆಯಲ್ಲಿದೆ: ಒಂದು ಸ್ಥಳದಲ್ಲಿ ದಿನಕ್ಕೆ ಎಷ್ಟು ಬಾರಿ ವಿಮಾನದ ಸದ್ದು 70 ಡೆಸಿಬಲ್ ದಾಟಿತು ಎಂಬ ಲೆಕ್ಕ ಅದು. ಹೊರಗೆ 70 ಇದ್ದರೆ ಕಿಟಕಿ ತೆರೆದ ಮನೆಯೊಳಗೆ ಸುಮಾರು 60 ಇರುತ್ತದೆ, ಅಂದರೆ ನೀವು ಫೋನಿನಲ್ಲಿ "ತಾಳಿ" ಎನ್ನುವ ಮಟ್ಟ. ನೀವೂ ಒಂದು ನೋಟ್‌ಬುಕ್ ಇಡಿ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬಲ್ ಅಷ್ಟು ನಂಬಲರ್ಹವಲ್ಲ, ಆದರೆ ದಿನಾಂಕ, ಗಂಟೆ, ನಿಮಿಷಗಳನ್ನು ಯಾರೂ ಅಲ್ಲಗಳೆಯಲಾರರು; ವಿಮಾನಗಳ ಜಾಡು ತೋರಿಸುವ ಜಾಲತಾಣಗಳ ದಾಖಲೆಯೊಂದಿಗೆ ಅವನ್ನು ತಾಳೆ ನೋಡಬಹುದು. ಅವರದೇ ಸರಾಸರಿಯನ್ನು ಒರೆಗೆ ಹಚ್ಚಬೇಕೆಂದಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವು 2018ರಲ್ಲಿ ವಿಮಾನದ ಸದ್ದಿಗೆ ಹಗಲಿರುಳಿನ ಒಟ್ಟು ಲೆಕ್ಕದಲ್ಲಿ 45, ರಾತ್ರಿಗೆ 40 ಡೆಸಿಬಲ್ ಮೀರಬಾರದೆಂದು ಶಿಫಾರಸು ಮಾಡಿದೆ. ಇದು ಕಾನೂನಲ್ಲ, ಆದರೆ "ಬದಲಾಗಿಲ್ಲ" ಎನ್ನುವವರಿಗೆ "ಬದಲಾಗದೆ ಎಷ್ಟರಲ್ಲಿದೆ?" ಎಂದು ಮರುಪ್ರಶ್ನೆ ಹಾಕಲು ಆಧಾರವಾಗುತ್ತದೆ.

ಪ್ರಶ್ನೆ: ಹಾರಾಟದ ಪಥವನ್ನು ನಮ್ಮ ಬಡಾವಣೆಯಿಂದ ಆಚೆ ಸರಿಸಿ ಎಂದು ಒತ್ತಾಯಿಸುವುದು ಸರಿಯೇ?

ಉತ್ತರ: ಒತ್ತಾಯಿಸಬಹುದು, ಆದರೆ ನಿಮ್ಮ ತಲೆಯ ಮೇಲಿಂದ ಸರಿದದ್ದು ಇನ್ನೊಬ್ಬರ ತಲೆಯ ಮೇಲೆ ಬಂದೇ ಬರುತ್ತದೆ. ಉಪಗ್ರಹ ಆಧಾರಿತ ಸಂಚಾರ ಬಂದ ಮೇಲೆ, ಹಿಂದೆ ಅಗಲವಾಗಿ ಹರಡಿಕೊಂಡು ಹಾರುತ್ತಿದ್ದ ವಿಮಾನಗಳು ಗೆರೆ ಕೊರೆದಂತೆ ಒಂದೇ ಜಾಡಿನಲ್ಲಿ ಸಾಗತೊಡಗಿವೆ. ಅಮೆರಿಕದ ಫೀನಿಕ್ಸ್‌ನಲ್ಲಿ 2014ರಲ್ಲಿ ಹೀಗೆ ಪಥ ಬದಲಾದಾಗ ನಗರಾಡಳಿತ ಮತ್ತು ಹಳೆಯ ಬಡಾವಣೆಗಳ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು, 2017ರಲ್ಲಿ ತೀರ್ಪು ಅವರ ಪರವಾಗಿ ಬಂತು. ಇಳಿಯುವ ಕೊನೆಯ ಹಂತದಲ್ಲಂತೂ ಪಥ ಸರಿಸಲು ಹೆಚ್ಚು ಅವಕಾಶವಿಲ್ಲ. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ, ರನ್‌ವೇಗೆ 10 ಕಿಲೋಮೀಟರ್ ಇರುವಾಗ ಸುಮಾರು 520 ಮೀಟರ್ ಎತ್ತರದಲ್ಲಷ್ಟೇ ಇರುತ್ತದೆ. ಅಕ್ಕಪಕ್ಕದ ಬಡಾವಣೆಗಳು ಪರಸ್ಪರ ಜಗಳವಾಡಿದರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ. ಸರದಿಯ ಬಿಡುವನ್ನು ಒಟ್ಟಾಗಿ ಕೇಳುವುದು ಲೇಸು: ಲಂಡನ್ನಿನ ಹೀಥ್ರೂನಲ್ಲಿ ವಿಮಾನಗಳು ಪಶ್ಚಿಮಾಭಿಮುಖವಾಗಿ ಇಳಿಯುವ ದಿನಗಳಲ್ಲಿ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಿಸುವುದರಿಂದ, ಪ್ರತಿ ಬಡಾವಣೆಗೂ ಅರ್ಧ ದಿನವಾದರೂ ಮೌನ ಸಿಗುತ್ತದೆ.

ಪ್ರಶ್ನೆ: "ವಿಮಾನ ನಿಲ್ದಾಣ ಇರುವುದು ಗೊತ್ತಿದ್ದೇ ಮನೆ ಕೊಂಡಿರಲ್ಲ" ಎಂದು ಮೂದಲಿಸುವವರಿಗೆ ಏನು ಹೇಳಬೇಕು?

ಉತ್ತರ: ವಿಸ್ತರಣೆಯ ಯೋಜನೆ ಪ್ರಕಟವಾದ ಮೇಲೆ ಕೊಂಡವರಿಗೆ ಈ ಮಾತು ಸ್ವಲ್ಪ ತಾಗುತ್ತದೆಂದು ಒಪ್ಪಿಕೊಳ್ಳಬೇಕು. ಮೊದಲೇ ಬಂದವರು ಒಪ್ಪಿದ್ದು ಅಂದಿನ ಸಂಖ್ಯೆಯನ್ನು, ಇಂದಿನದನ್ನಲ್ಲ. ಈ ಮೂದಲಿಕೆಗೆ ಸೊಪ್ಪು ಹಾಕದ ಊರುಗಳೂ ಇವೆ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗಿನ ನಿರ್ಬಂಧಕ್ಕೆ 1995ರ ಕಾಯ್ದೆಯ ಬಲವಿದೆ, ಗಂಟೆಗೆ 80 ಹಾರಾಟಗಳ ಮಿತಿಯೂ ಇದೆ. ಫ್ರಾಂಕ್‌ಫರ್ಟ್‌ನಲ್ಲಿ 2011ರಲ್ಲಿ ಹೊಸ ರನ್‌ವೇ ತೆರೆದಾಗಲೇ ನ್ಯಾಯಾಲಯ ರಾತ್ರಿ 11ರಿಂದ 5ರವರೆಗೆ ನಿಗದಿತ ಹಾರಾಟಗಳಿಗೆ ತಡೆ ಒಡ್ಡಿತು, ಮರುವರ್ಷ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಿಮ್ಮಲ್ಲೂ ಮುಂದಿನ ವಿಸ್ತರಣೆಯ ಸಾರ್ವಜನಿಕ ವಿಚಾರಣೆ ನಡೆಯುವ ಮೊದಲೇ, ನೋಟ್‌ಬುಕ್ಕಿನ ಎಣಿಕೆಯ ಸಮೇತ, ಇಂತಹದೊಂದು ಮಿತಿಯನ್ನು ಅನುಮತಿಪತ್ರದ ಷರತ್ತಾಗಿ ಬರೆಯಿಸಬೇಕೆಂದು ಲಿಖಿತವಾಗಿ ಕೇಳಿ.